ಹ್ಯಾಂಡಲಿನ ಕೆಳಗಿನ ಟೋಕನ್ ನಂಬರ್

ಹೋದ ವರ್ಷ ಆಯುಧ ಪೂಜೆ ಮುಗಿದು ನಾಲ್ಕನೇ ದಿನ. ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ನಿಂತಿದ್ದ ಅಪ್ಪನ ಅಂಬಾಸಡರ್ ಕಾರಿನ ಬಾನೆಟ್ ಮೇಲೆ ಕುಂಕುಮ, ವಿಭೂತಿ ಇನ್ನೂ ಹಾಗೇ ಇದ್ದವು. ಚೆಂಡುಹೂವಿನ ಹಾರ ಮಾತ್ರ ಒಣಗಿತ್ತು. ಅವತ್ತು ಆ ಕಾರನ್ನು ನೋಡಲು ಒಬ್ಬ ಗಿರಾಕಿ ಬರುವವರಿದ್ದರು. ಅವತ್ತೇ ಬೆಳಿಗ್ಗೆ ನಾನು ಅಪ್ಪನ ಬಿಸ್ಕತ್ತಿನ ಡಬ್ಬಿಯನ್ನು ಅಡುಗೆಮನೆಯ ಅಟ್ಟದ ಮೇಲೆ, ದೊಡ್ಡ ಕಡಾಯಿಯ ಹಿಂದೆ ಬಚ್ಚಿಟ್ಟೆ. ಐವತ್ತೆರಡು ವರ್ಷದ ಹೆಂಗಸು, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು, ಕಳ್ಳಿಯ ಹಾಗೆ ಸ್ಟೂಲ್ ಹತ್ತಿ ಬಚ್ಚಿಟ್ಟೆ. ಈಗ ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಅಪ್ಪ ಗದಗದ ಕಡೆಯವರು. ಇಲ್ಲಿಯ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತರಾದರು. ಟೂಲ್ ರೂಮಿನಲ್ಲಿ ಒಂದು ಪದ್ಧತಿ ಇತ್ತು. ಯಾರು ಯಾವ ಭಾಗ ಮಾಡಿದರೂ ಅದರ ಕಾಣದ ಮಗ್ಗುಲಿಗೆ ತಮ್ಮ ಟೋಕನ್ ನಂಬರನ್ನು ಪಂಚ್ ಹೊಡೆಯಬೇಕು. ನಾಳೆ ಅದು ಕೆಟ್ಟರೆ ಯಾರನ್ನು ಕೇಳಬೇಕೆಂದು ಗೊತ್ತಿರಬೇಕಲ್ಲ! ಅಪ್ಪನ ನಂಬರು ೪೧೭. ಕಾರ್ಖಾನೆಯಲ್ಲಿ ಸರಿ, ಮನೆಯಲ್ಲೂ ಈ ಚಟ ಬಿಡಲಿಲ್ಲ. ಅವರು ಹಿಡಿ ಹಾಕಿಕೊಟ್ಟ ಸೌಟಿನ ಕೆಳಗೆ ೪೧೭. ಮಣೆಯ ಕೆಳಗೆ ೪೧೭. ನನ್ನ ಮದುವೆಯ ದಿನ, "ನನ್ನ ಬೆನ್ನಿಗೂ ಒಂದು ಹೊಡದು ಕಳಸಪಾ" ಎಂದು ಕಾಡಿಸಿದ್ದೆ. ಅವ್ವ ಅಳುವುದನ್ನು ಬಿಟ್ಟು ನಕ್ಕಿದ್ದಳು.

ಆ ಕಾರನ್ನು ಅಪ್ಪ ಕೊಂಡದ್ದು ನಾನು ಹುಟ್ಟುವ ಹಿಂದಿನ ವರ್ಷ, ನಿವೃತ್ತರಾಗಿ ಊರಿಗೆ ಹೊರಟಿದ್ದ ಒಬ್ಬ ಅಧಿಕಾರಿಯಿಂದ. ಎಳೆ ಹಸಿರು ಬಣ್ಣ. ಐದು ದಶಕದಲ್ಲಿ ಅದರ ಏನೇ ಮುರಿದರೂ ಅಪ್ಪ ಅಂಗಡಿಗೆ ಓಡುತ್ತಿರಲಿಲ್ಲ. ಗುಜರಿಯಿಂದ ಹಿತ್ತಾಳೆ ತಂದು, ಹಿತ್ತಲಲ್ಲಿ ಕೂತು, ವಾರಗಟ್ಟಲೆ ಅರ ಹಾಕಿ ಉಜ್ಜಿ, ಕಂಪನಿಯದರ ಪಡಿಯಚ್ಚಿನಂತೆ ಹೊಸದನ್ನು ಮಾಡಿ, ನಿಕ್ಕಲ್ ಪಾಲಿಶ್ ಮಾಡಿಸಿ ಹಾಕುತ್ತಿದ್ದರು. ಗಾಜು ಇಳಿಸುವ ಹ್ಯಾಂಡಲ್, ಚೋಕ್ ಎಳೆಯುವ ಗುಂಡಿ, ಹಿಂದಿನ ದೀಪದ ಬಳೆ, ಹೀಗೆ ಒಟ್ಟು ಏಳು ಭಾಗಗಳು. ಮುರಿದ ಹಳೆಯವನ್ನು ಎಸೆಯದೆ ಆ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು.

ಎರಡು ವರ್ಷದಿಂದ ಅಪ್ಪನ ಕಣ್ಣು ಮಂಜಾಗಿ ಈಗ ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಅವ್ವ ಹೋದ ಮೇಲೆ ನಮ್ಮಲ್ಲೇ ಇದ್ದಾರೆ. ನಿಂತ ಕಾರು ಜಾಗ ತಿನ್ನುತ್ತಿದೆ, ತಿಂಗಳೊಳಗೆ ತೆಗೆಯಿರಿ ಎಂದು ಅಪಾರ್ಟ್‌ಮೆಂಟಿನವರು ಚೀಟಿ ಅಂಟಿಸಿದರು. ಮಾರುವುದೆಂದಾಯಿತು. ಮೊದಲು ಬಂದವನು ಹೊಸ ಹೋಟೆಲಿನವನು. ಒಳ್ಳೆಯ ರೇಟು ಹೇಳಿದ. ಇದನ್ನೇನು ಮಾಡುತ್ತೀರಿ ಎಂದರೆ, ಕಾರಿನ ಹಿಂಭಾಗ ಕತ್ತರಿಸಿ ಗಿರಾಕಿಗಳು ಕೂರಲು ಸೋಫಾ ಮಾಡಿಸುತ್ತಾನಂತೆ!

ಆತ ಹೋದ ಮೇಲೆ, "ಕುಂಡಿ ಊರಾಕ ಗಾಡಿ ಕೊಯ್ತಾರಂತ!" ಎಂದ ಅಪ್ಪ ರಾತ್ರಿ ರೊಟ್ಟಿ ಮುಟ್ಟಲಿಲ್ಲ. ಕಾರು ಹೋಗಲಿ, ಆದರೆ ಇಡಿಯಾಗಿ ಹೋಗಬೇಕು, ಓಡಿಸುವವರ ಕೈಗೇ ಹೋಗಬೇಕು ಎಂದು ನಾನೂ ಹಟ ಹಿಡಿದೆ.

ಹುಡುಕಿ ಹುಡುಕಿ ಕೊನೆಗೆ ದಲ್ಲಾಳಿಯೊಬ್ಬ ಪಾಟೀಲರ ಹೆಸರು ಹೇಳಿದ. ಬೀದರ್ ಕಡೆಯವರು, ಇಲ್ಲಿ ಬಟ್ಟೆ ವ್ಯಾಪಾರ, ಹಳೆಯ ಕಾರುಗಳೆಂದರೆ ಪ್ರಾಣ. ಮನೆಯಲ್ಲಿ ನಾಲ್ಕು ಇಟ್ಟುಕೊಂಡು ನಾಲ್ಕನ್ನೂ ಓಡಿಸುತ್ತಾರೆ. ಆದರೆ ಒಂದೇ ಷರತ್ತು. ಕಾರು ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ ಇರಬೇಕು, ಇಲ್ಲದಿದ್ದರೆ ಬೇಡ. ದಲ್ಲಾಳಿ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಅಬ್ಬಾಜಾನ್ ಕಾ ಕಾಮ್ ನಕ್ಕೋ ಬೋಲೋ. ಫುಲ್ ಒರಿಜಿನಲ್ ಬೋಲೋ, ಬಸ್" ಎಂದು, ಅಪ್ಪನ ಕೈಕೆಲಸದ ಸುದ್ದಿಯನ್ನೇ ಎತ್ತಬೇಡಿರೆಂದು ಉಪದೇಶ ಮಾಡಿದ. ಅಪ್ಪನ ಕೈಕೆಲಸ ಯಾವುದು, ಕಂಪನಿಯದು ಯಾವುದು ಎಂದು ನನಗೇ ತಿಳಿಯುವುದಿಲ್ಲ, ಇನ್ನು ಪಾಟೀಲರಿಗೆ ಹೇಗೆ ತಿಳಿದೀತು? ಸುಳ್ಳಂತೂ ಹೇಳುತ್ತಿಲ್ಲ, ಸುಮ್ಮನಿರುತ್ತೇನೆ ಅಷ್ಟೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಡಬ್ಬಿ ಅಟ್ಟ ಸೇರಿತು.

ಪಾಟೀಲರು ಬಂದರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಮ್ಮ ಚಹಾ ಸಹ ಮುಟ್ಟದೆ ಅಂಗಿಯ ತೋಳು ಮೇಲೇರಿಸಿ ನೆಲಕ್ಕೆ ಕೂತೇಬಿಟ್ಟರು. ಕಿಸೆಯಿಂದ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ತೆಗೆದು ಬಾಗಿಲು, ಮಡ್‌ಗಾರ್ಡ್, ಡಿಕ್ಕಿಯ ಮೇಲೆಲ್ಲಾ ಹಿಡಿದರು. ಅದು ಎಲ್ಲಿ ಅಂಟಿಕೊಳ್ಳುವುದಿಲ್ಲವೋ ಅಲ್ಲಿ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ ಎಂದು ಅರ್ಥವಂತೆ. ಎಲ್ಲಾ ಕಡೆ ಅಂಟಿತು. ಆರ್‌ಸಿ ಪುಸ್ತಕ ಹಿಡಿದು ಎಂಜಿನ್ ನಂಬರ್, ಚಾಸಿ ನಂಬರ್ ಒಂದೊಂದೇ ಅಂಕಿ ಓದಿ ತಾಳೆ ನೋಡಿದರು. ಹಳೆಯ ಹಾಡು ಗುನುಗುತ್ತಿದ್ದವರ ದನಿ ಬರಬರುತ್ತಾ ಜೋರಾಯಿತು.

"ಬಣ್ಣ ಭಾಳ ಮಾಸೈತ್ರಿ. ಹೊಸದು ಬಳಿಸಬೇಕಂತ ಮಾಡಿದ್ದೆ, ಅಪ್ಪ ಬಿಡಲಿಲ್ಲ" ಎಂದೆ, ಸಂಕೋಚದಿಂದ.

ಅವರು ಬೆಚ್ಚಿಬಿದ್ದು ಎದ್ದು, ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದರು. "ಬಚಾವ್ ಮಾಡಿದ್ರಿ ಯಜಮಾನ್ರ! ಅಕ್ಕಾರ, ಹೊಸಾ ಬಣ್ಣ ನಾಳಿ ಬಳೀಬಹುದು, ನಾಡದು ಬಳೀಬಹುದು. ಕಾರ್ಖಾನ್ಯಾಗ ಬಳದ ಬಣ್ಣ ಒಮ್ಮೆ ಹೋತಂದ್ರ ಹೋತು. ಮಾರಿ ಸುಕ್ಕು ಬಿದ್ರೂ ಅದು ಅವರದ ಮಾರಿ ಅಲ್ಲೇನ್ರಿ?"

ನನ್ನ ಎದೆ ಹಗುರಾಯಿತು. ಕಾರು ಉಳಿಯಿತು ಎಂದುಕೊಂಡೆ. ಪಾಟೀಲರು ಒಳಗೆ ಕೂತು ಗಾಜು ಇಳಿಸಿ ಏರಿಸಿ, "ವಾ! ಇಷ್ಟು ವರ್ಷ ಆದರೂ ಈ ಹ್ಯಾಂಡಲ್ ಸಡಲ ಆಗಿಲ್ಲ. ಹಳೇ ಕಂಪನಿ ಮಾಲು ಅಂದ್ರ ಹಿಂಗ ನೋಡ್ರಿ" ಎಂದರು.

ಅಪ್ಪ ಕುರ್ಚಿಯಿಂದ ಕೋಲು ಊರಿ ಎದ್ದರು.

"ಅದು ಕಂಪನೀದಲ್ರಿ. ನಾ ಮಾಡಿದ್ದು."

"ಅಪ್ಪಾ, ನಿನಗ ನೆನಪಿಲ್ಲ, ಅದು ಬ್ಯಾರೆ..." ಎಂದು ಬಾಯಿ ಹಾಕಿದೆ.

"ಕಣ್ಣು ಹೋಗ್ಯಾವ, ನೆನಪು ಹೋಗಿಲ್ಲ" ಎಂದರು ಅಪ್ಪ. "ಮಂಗಲಾ, ನನ್ನ ಡಬ್ಬಿ ತಗೊಂಬಾ."

"ಎಲ್ಲೈತೋ ಏನೋ. ಸಿಗವಲ್ದು" ಎಂದೆ. ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ನನಗೇ ಆಶ್ಚರ್ಯ.

ಅಪ್ಪ ಒಂದು ಗಳಿಗೆ ನನ್ನ ಕಡೆ ಮುಖ ಮಾಡಿ ನಿಂತರು. ಬೈಯಲಿಲ್ಲ. ಕಾರಿನ ಮೈ ತಡವುತ್ತಾ ಬಾಗಿಲಿಗೆ ಬಂದು, ಪಾಟೀಲರ ಬೆರಳು ಹಿಡಿದು ಹ್ಯಾಂಡಲಿನ ಕೆಳಗೆ ಇಟ್ಟರು. "ಇಲ್ಲೆ ಮುಟ್ಟಿ ನೋಡ್ರಿ. ನಾಕು, ಒಂದು, ಏಳು. ನನ್ನ ಟೋಕನ್ನು. ಇಂಥಾವು ಏಳು ಅದಾವು, ತೋರಸ್ತೀನಿ ಬರ್ರಿ." ಕಾಣದ ಕಣ್ಣಿನಲ್ಲಿ ಕಾರನ್ನು ಸುತ್ತಿ ಒಂದೊಂದೇ ತೋರಿಸತೊಡಗಿದರು. ಎಂಬತ್ತೊಂದು ವರ್ಷದ ಬೆರಳು ಎಲ್ಲೂ ತಪ್ಪಲಿಲ್ಲ.

ನಾನು ತರಗತಿಯಲ್ಲಿ, ಹಂತ ಬರೆಯದೆ ಬರೀ ಉತ್ತರ ಬರೆದ ಮಕ್ಕಳಿಗೆ ಸೊನ್ನೆ ಹಾಕುವವಳು. ಅಪ್ಪ ಹಂತ ಹಂತವಾಗಿ ಬಿಡಿಸಿ ತೋರಿಸುತ್ತಿದ್ದಾರೆ, ನಾನು ನಡುವೆ ಕಳ್ಳ ಲೆಕ್ಕ ಹಿಡಿದು ನಿಂತಿದ್ದೇನೆ. ಥೂ ನಿನ್ನ ಎನಿಸಿತು. ಮೆಟ್ಟಿಲು ಹತ್ತಿ ಮನೆಗೆ ಹೋಗಿ, ಸ್ಟೂಲ್ ಹಾಕಿ, ಡಬ್ಬಿ ಇಳಿಸಿ ತಂದು ಅಪ್ಪನ ಕೈಗೆ ಕೊಟ್ಟೆ. "ಸಿಕ್ತು" ಎಂದೆ. "ಹೂಂ" ಎಂದರು, ಅಷ್ಟೇ.

ಪಾಟೀಲರು ಡಬ್ಬಿಯಲ್ಲಿದ್ದ ಮುರಿದ ತುಂಡುಗಳನ್ನು ಕರ್ಚೀಫಿನ ಮೇಲೆ ಸಾಲಾಗಿ ಇಟ್ಟು ಬಹಳ ಹೊತ್ತು ನೋಡಿದರು. ಮುಖ ಗಂಭೀರವಾಗಿತ್ತು. "ಇವನ್ನ ಒರಿಜಿನಲ್ ಅನ್ನಾಕ ಬರಂಗಿಲ್ರಿ ಯಜಮಾನ್ರ. ರೇಟು ಕಡಿಮಿ ಮಾಡಬೇಕಾಗ್ತೈತಿ" ಎಂದರು.

"ಮಾಡ್ರಿ. ಮಾಡಾಕ ಬೇಕು."

"ಮುಂದ ಎಲ್ಲೆರ ಕಂಪನಿ ಮಾಲು ಸಿಕ್ರ ನಿಮ್ಮವನ್ನ ಬಿಚ್ಚಿ ಹಾಕ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ವಾರಗಟ್ಟಲೆ ಕೂತು ಉಜ್ಜಿದ್ದನ್ನು ಬಿಚ್ಚುತ್ತಾರಂತೆ! ಅಪ್ಪ ಮಾತ್ರ ಖುಷಿಯಾಗಿಯೇ ಹೇಳಿದರು. "ಬಿಚ್ರಿ, ಅದಕ್ಕ ನಂಬರ್ ಹೊಡದೀನಿ. ನಾಳಿ ನನ್ನಂಥಾ ಹುಚ್ಚ ಯಾರರ ಬಂದು ಸರಿ ಮಾಡಬೇಕಂದ್ರ, ಯಾವುದು ಕಂಪನೀದು, ಯಾವುದು ನಂದು ಅಂತ ಅವಂಗ ತಿಳೀಬೇಕಲ್ರಿ."

ಪಾಟೀಲರ ಗಂಭೀರ ಮುಖ ಕರಗಿತು. ಆರಿದ ಚಹಾವನ್ನೇ ಎತ್ತಿ ಒಂದೇ ಗುಟುಕಿಗೆ ಕುಡಿದರು. "ನೋಡ್ರಿ, ನಾನು ಎಷ್ಟು ಗಾಡಿ ನೋಡೀನಿ ಲೆಕ್ಕಿಲ್ಲ. ಎಲ್ಲಾರೂ ಫುಲ್ ಒರಿಜಿನಲ್, ಫುಲ್ ಒರಿಜಿನಲ್ ಅಂತ ಬಾಯಿ ಬಡಕೊಂಡಾರ. ಯಾವುದು ಅಲ್ಲ ಅಂತ ತೋರಿಸಿದವರು ನೀವೊಬ್ರ. ಈ ಏಳು ಅಲ್ಲ ಅಂದ್ರಲ್ಲ, ಅದಕ್ಕ ಉಳದದ್ದು ಎಲ್ಲಾ ಖರೇ ಅಂತ ಕಣ್ಣು ಮುಚ್ಚಿ ತಗೋತೀನಿ." ಅಲ್ಲೇ ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿದರು. ಹೇಳಿದಂತೆ ರೇಟು ಇಳಿಸಿದರು, ಅದೂ ಸ್ವಲ್ಪವೇ. ಡಬ್ಬಿಯನ್ನೂ ಕೇಳಿ ಪಡೆದರು. ಮುಂದಿನ ವಾರ ಕಾರು ತನ್ನದೇ ಎಂಜಿನ್ ಮೇಲೆ, ಹಾರ್ನ್ ಹೊಡೆಯುತ್ತಾ ಗೇಟು ದಾಟಿತು.

ನಾಲ್ಕು ತಿಂಗಳು ಕಳೆದಿತ್ತು. ಒಂದು ಭಾನುವಾರ ಬೆಳಿಗ್ಗೆ ಕೆಳಗೆ ಅದೇ ಹಾರ್ನು. ನಾನು ಕಿಟಕಿಗೆ ಬರುವ ಮೊದಲೇ ಅಪ್ಪ ಕೋಲು ಹುಡುಕುತ್ತಿದ್ದರು. ಪಾಟೀಲರು ಹಳೆಯ ಕಾರುಗಳ ಪ್ರದರ್ಶನ ಮುಗಿಸಿಕೊಂಡು ಪೇಡೆಯ ಡಬ್ಬಿ ಹಿಡಿದು ಬಂದಿದ್ದರು. ಎರಡನೇ ಬಹುಮಾನ ಬಂದಿತ್ತು. ಮುಂದಿನ ಗಾಜಿನ ಒಳಗೆ, ಪರೀಕ್ಷಕರಿಗೆ ಕಾಣುವಂತೆ ಒಂದು ಹಾಳೆ ಅಂಟಿಸಿದ್ದರು. ನಾನು ಅದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿದೆ. 'ಕಂಪನಿಯದಲ್ಲದ ಭಾಗಗಳು ಏಳು. ಮಾಡಿದವರು ಟೋಕನ್ ನಂಬರ್ ೪೧೭.' ಅದರ ಮುಂದೆ ಅಪ್ಪನ ಪೂರ್ತಿ ಹೆಸರು.

"ಆ ಏಳಕ್ಕ ಮಾರ್ಕ್ಸ್ ಕಡದಾರೇನ್ರಿ?" ಅಪ್ಪ ಕೇಳಿದರು.

"ಕಡದಾರ್ರಿ."

"ಕಂಪನಿ ಹ್ಯಾಂಡಲ್ ಸಿಗಲಿಲ್ಲೇನ್ರಿ?"

"ಸಿಕ್ಕೈತ್ರಿ. ನಿಮ್ಮ ಬಿಸ್ಕೀಟ್ ಡಬ್ಬ್ಯಾಗ ಇಟ್ಟೀನಿ."

"ಮತ್ತ ಹಾಕಬೇಕಿಲ್ರಿ? ಹುಚ್ಚರದೀರೇನ್ರಿ ಪಾಟೀಲ್ರ, ಫಸ್ಟ್ ಬರೂದು ತಪ್ಪಿಸಿಕೊಂಡ್ರಲ್ರಿ!" ಅಪ್ಪ ನಿಜಕ್ಕೂ ಬೈದರು. ಬೈಯುತ್ತಲೇ ಕೈ ಚಾಚಿ ಹ್ಯಾಂಡಲ್ ತಿರುವಿ ಗಾಜು ಇಳಿಸಿದರು, ಏರಿಸಿದರು, ಮತ್ತೆ ಇಳಿಸಿದರು. ಕಣ್ಣಲ್ಲಿ ನೀರಿತ್ತು. ಪಾಟೀಲರು ಪೇಡೆಯೊಂದನ್ನು ಅವರ ಬಾಯಿಗೆ ತುರುಕಿ ಬೈಗುಳ ನಿಲ್ಲಿಸಿದರು.

ಅಪ್ಪನಂಥವರನ್ನು ನಾನು ಬೇರೆ ಕಂಡಿಲ್ಲ. ಪಾಟೀಲರಂಥವರನ್ನೂ ಕಂಡಿಲ್ಲ. ಡಬ್ಬಿ ಎಲ್ಲಿ ಸಿಕ್ಕಿತೆಂದು ಅಪ್ಪ ಇವತ್ತಿನವರೆಗೆ ನನ್ನನ್ನು ಕೇಳಿಲ್ಲ. ಒಂದು ಸಲ ಕೇಳಿ ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು. ಅದಕ್ಕೇ ನಾನೇ ಇಲ್ಲಿ ಬರೆದಿದ್ದೇನೆ. ಇದು ಅಚ್ಚಾದರೆ ಅಪ್ಪನಿಗೆ ಓದಿ ಹೇಳಬೇಕಾದವಳೂ ನಾನೇ. ಕೆಳಗೆ ನನ್ನ ಹೆಸರನ್ನೂ ಹಾಕಿದ್ದೇನೆ.

ಮಂಗಲಾ, ಕುಷಾಯಿಗೂಡ