ಝಕ್ರೀತ್‌ನ ಕಲ್ಲುದಂಡೆಯಲ್ಲಿ ಒಂದು ಶುಕ್ರವಾರ

ಸಮುದ್ರದೊಳಗೆ ನೂರು ಹೆಜ್ಜೆ ನಡೆದ ಮೇಲೂ ನೀರು ನನ್ನ ಮೊಣಕಾಲು ದಾಟಲಿಲ್ಲ. ಅಲೆಯಿಲ್ಲ, ಸದ್ದಿಲ್ಲ. ಪಡುಬಿದ್ರಿಯ ಕಡಲ ಪಕ್ಕದಲ್ಲೇ ಬೆಳೆದ ನನಗೆ, ಹೀಗೆ ಸುಮ್ಮನೆ ಬಿದ್ದಿರುವ ನೀರನ್ನು ಕಡಲು ಎನ್ನಲು ಮನಸ್ಸೇ ಬರಲಿಲ್ಲ.

ಕತಾರಿಗೆ ಬಂದು ಐದು ತಿಂಗಳಾಗಿತ್ತು. ಅಲ್ ಮನ್ಸೂರಾದ ಹಳೆಯ ವಿಲ್ಲಾ ಒಂದಕ್ಕೆ ಹಲಗೆಯ ಗೋಡೆ ಹೊಡೆದು ಆರು ಸಂಸಾರಗಳಿಗೆ ಹಂಚಿದ್ದರು. ಒಂದು ಕೋಣೆ ನಮ್ಮದು. ಪಕ್ಕದ ಕಾಸರಗೋಡಿನವರ ಕುಕ್ಕರ್ ಕೂಗಿದರೆ ನಾನು ಎದ್ದು ನಮ್ಮ ಒಲೆ ಆರಿಸಲು ಹೋಗುತ್ತಿದ್ದೆ. ಊರಲ್ಲಿ ಅಂಗಳಕ್ಕಿಳಿದರೆ ನಾಲ್ಕು ಜನ ಮಾತಿಗೆ ಸಿಗುತ್ತಾರೆ. ಇಲ್ಲಿ ನನ್ನ ಗಂಡ ಸುರೇಶ್ ನಸುಕಿನಲ್ಲಿ ಕಟ್ಟಡ ಕೆಲಸದ ಸೈಟಿನ ಬಸ್ಸು ಹತ್ತಿದರೆ, ಸಂಜೆಯವರೆಗೆ ನನ್ನ ಸ್ವರ ನನಗೇ ಕೇಳುತ್ತಿರಲಿಲ್ಲ.

ಊರಿಗೆ ಹೋಗುತ್ತೇನೆಂದು ಅವರಿಗೆ ಹೇಳಬೇಕಿತ್ತು. ಕೋಣೆಯಲ್ಲಿ ಹೇಳಿದರೆ ಪಕ್ಕದವರಿಗೆ ಕೇಳುತ್ತದೆ, ಅವರಿಗೆ ತುಳುವೂ ಬರುತ್ತದೆ. "ಯಾರೂ ಇಲ್ಲದ ಕಡಲು ತೋರಿಸಿ," ಎಂದೆ. ಶುಕ್ರವಾರದ ರಜೆಗೆ ಸುರೇಶ್ ಸ್ನೇಹಿತನ ಕಾರು ಕೇಳಿ ತಂದರು.

ಡಾಂಬರು ಮುಗಿದ ಮೇಲೆ, ಇಲ್ಲಿನವರು ಸಬ್ಖಾ ಎನ್ನುವ ಉಪ್ಪಿನ ಬಯಲಿನ ಅಂಚಿನಲ್ಲಿ ಬಹಳ ಹೊತ್ತು ಹೋದೆವು. ಝಕ್ರೀತ್‌ನಲ್ಲಿ ಬಿಳಿ ಬಂಡೆಗಳ ಕೆಳಗೆ ಉರುಟು ಕಲ್ಲುಗಳ ದಂಡೆ. ನಾನು ನೀರಿಗಿಳಿದು, ಧೈರ್ಯ ತಂದುಕೊಂಡು, ಅಂಗಾಲು ನೋಯಿಸಿಕೊಂಡು ವಾಪಸು ಬರುವಷ್ಟರಲ್ಲಿ ಅವರು ಆ ಕಲ್ಲುಗಳ ಮೇಲೆಯೇ ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು. ಕುತ್ತಿಗೆ ಕಾಲರಿನ ಗೆರೆಯವರೆಗೆ ಸುಟ್ಟು ಕಪ್ಪಾಗಿತ್ತು. ಅವರು ಹಗಲು ಮಲಗಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಎಬ್ಬಿಸಲಿಲ್ಲ. ನೀರು ಮೆಲ್ಲಗೆ ಏರತೊಡಗಿತು. ಅವರ ಚಪ್ಪಲಿಗಳನ್ನು ಎರಡು ಸಲ ಮೇಲಕ್ಕೆ ಸರಿಸಿದೆ. ಕೊನೆಗೆ ನೀರೇ ಹಿಮ್ಮಡಿಗೆ ತಾಗಿ ಅವರಿಗೆ ಎಚ್ಚರವಾಯಿತು.

"ಕರೀಬಾರದಿತ್ತಾ?" ಅಂದರು.

"ನಾನು ಊರಿಗೆ ಹೋಗ್ತೇನೆ."

ಅವರು ಒಂದು ಕಲ್ಲು ಹೆಕ್ಕಿದರು. "ಗೊತ್ತಿತ್ತು. ನೀನು ಪೆಟ್ಟಿಗೆ ಬಿಡಿಸ್ಲೇ ಇಲ್ಲ ಅಲ್ವಾ."

"ಬಿಡಿಸಿ ಇಡ್ಲಿಕ್ಕೆ ಜಾಗ ಎಲ್ಲಿ ಉಂಟು?"

ಇಬ್ಬರಿಗೂ ನಗು ಬಂತು. ಆಮೇಲೆ ಅವರು, "ಹೋಗು. ವಾಪಸ್ ಬಾ ಅಂತ ನಾನು ಒತ್ತಾಯ ಮಾಡುದಿಲ್ಲ. ನನಗೆ ಒತ್ತಾಯ ಮಾಡುವಷ್ಟು ತ್ರಾಣ ಇಲ್ಲ," ಅಂದರು.

ಜೂನಿನಲ್ಲಿ ಹೋದೆ. ಊರಲ್ಲಿ ಮಾತಿಗೆ ಬರವಿರಲಿಲ್ಲ. ಆದರೆ ಮಧ್ಯಾಹ್ನವಾದರೆ ಕತಾರಿನ ಹೊತ್ತಿಗಾಗಿ ಗಡಿಯಾರದಲ್ಲಿ ಎರಡೂವರೆ ಗಂಟೆ ಕಳೆದು, ಆ ಮನುಷ್ಯ ಈಗ ಯಾವ ಬಿಸಿಲಲ್ಲಿ ನಿಂತಿರಬಹುದೆಂದು ಲೆಕ್ಕ ಹಾಕುತ್ತಿದ್ದೆ. ನಾಲ್ಕು ತಿಂಗಳಿಗೆ ನಾನಾಗಿಯೇ ಹಿಂದಿರುಗಿದೆ.

ಪಡುಬಿದ್ರಿಯಲ್ಲಿ ರಿಕ್ಷಾ ಇಳಿದ ದಿನ ಎದುರುಮನೆಯ ಅಕ್ಕ ಕೇಳಿದ್ದರು, "ಬಂದದ್ದು ಯಾವಾಗ? ವಾಪಸ್ ಯಾವಾಗ?" ಮನ್ಸೂರಾಕ್ಕೆ ಮರಳಿದ ದಿನ ಕೆಳಗಿನ ಅಂಗಡಿಯವರು ಅಕ್ಕಿ ತೂಗುತ್ತಾ ಅದನ್ನೇ ಕೇಳಿದರು. ಎರಡೂ ಕಡೆ ನಾನು ಹೇಳಿದ್ದು ಇಷ್ಟೇ: "ನೋಡುವ."