ದೂಳು ಊದುವ ಮುನ್ನ

ಇಳಕಲ್ಲ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಯಾವ ಅಂಗಡಿಯೂ ತೆರೆದಿಲ್ಲ. ಚಹಾದಂಗಡಿಯವನು ಒಲೆ ಹಚ್ಚುವುದರೊಳಗೆ ತಸ್ಲೀಮಾಳ ಈ ಕೆಲಸ ಮುಗಿಯಬೇಕು. ಓಢಣಿಯನ್ನು ಮೂಗು, ಬಾಯಿ ಸೇರಿಸಿ ಬಿಗಿದಿದ್ದಾಳೆ. ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಬೆನ್ನು ಬಿಚ್ಚಿದ ಲ್ಯಾಪ್‌ಟಾಪೊಂದನ್ನು ಓರೆಯಾಗಿ ಹಿಡಿದು, ಫ್ಯಾನಿನ ರೆಕ್ಕೆ ತಿರುಗದಂತೆ ಊದಿನಕಡ್ಡಿಯ ತುಂಡೊಂದನ್ನು ಅಡ್ಡ ಇಟ್ಟು, ಬ್ಲೋವರಿನ ಗುಂಡಿ ಒತ್ತುತ್ತಾಳೆ. ಕೆಂಪು ದೂಳು ಭುಸ್ಸೆಂದು ಎದ್ದು ಗಟಾರದ ಕಡೆ ಹೋಗುತ್ತದೆ. ಗಾಳಿ ಎತ್ತ ಬೀಸುತ್ತಿದೆಯೆಂದು ಅವಳು ಮೊದಲೇ ನೋಡಿಕೊಂಡಿರುತ್ತಾಳೆ. ಒಂದು ಸಲ ಲೆಕ್ಕ ತಪ್ಪಿ ಪಕ್ಕದ ಸೀರೆ ಅಂಗಡಿಯೊಳಗೆ ಹೊಕ್ಕಿತ್ತು. ಆ ಅಂಗಡಿಯ ಜಯಶ್ರೀ ಈಗಲೂ ಮರೆತಿಲ್ಲ. "ಏನಬೇ, ಇವತ್ತ ಯಾರ ಮನಿ ಕಸ ನನ್ನ ಸೀರಿ ಮ್ಯಾಲೆ?" ಎಂದು ದಿನವೂ ಕೇಳುತ್ತಾಳೆ.

ಒಂದಾದ ಮೇಲೊಂದು ಲ್ಯಾಪ್‌ಟಾಪ್ ಊದಿ ಮುಗಿಸುತ್ತಾಳೆ. ಒಂದನ್ನು ಮಾತ್ರ ಹಳೆಯ ಟವೆಲ್ ಮುಚ್ಚಿ ಕಟ್ಟೆಯ ತುದಿಗೆ ಸರಿಸಿದ್ದಾಳೆ.

ಅದರತ್ತ ಕೈ ಚಾಚಿದರೆ, "ಅದು ಬ್ಯಾಡ್ರಿ" ಎನ್ನುತ್ತಾಳೆ. "ಅದರ ಮಂದಿ ಬರ್ಬೇಕು. ಬರೂತನಾ ಊದೂದಿಲ್ಲಂತ ಮಾತು ಕೊಟ್ಟೇನಿ."

ಅಂಗಡಿ ತಿಮ್ಮಣ್ಣನದು. ಹಳೆಯ ಲ್ಯಾಪ್‌ಟಾಪ್ ಕೊಂಡು, ದುರಸ್ತಿ ಮಾಡಿ ಮಾರುವ ವ್ಯಾಪಾರ. ಬೋರ್ಡಿನ ಮೇಲೆ ಅವನ ಹೆಸರು, ಕೌಂಟರಿನಲ್ಲಿ ಅವನೇ. ಹುನಗುಂದ, ಬಾದಾಮಿ, ಬಾಗಲಕೋಟೆಯಿಂದಲೂ ಹುಡುಗರು ಮಾರಲು, ಕೊಳ್ಳಲು ಬರುತ್ತಾರೆ. ಹೆಚ್ಚಿನವರ ಕೈಯಲ್ಲಿರುವುದು ಗೇಮ್ ಆಡಲೆಂದೇ ಮಾಡಿದ, ತೀರ ತುಟ್ಟಿಯೂ ಅಲ್ಲದ ತೀರ ಅಗ್ಗವೂ ಅಲ್ಲದ ನಡುವಿನ ಲ್ಯಾಪ್‌ಟಾಪು. ಕೊಳ್ಳುವವರು ಕೇಳುವುದು ಒಂದೇ ಮಾತು: ಇದು ತಡೀತೈತೋ ಇಲ್ಲೋ? ತಿಮ್ಮಣ್ಣ ಗಂಭೀರವಾಗಿ ತಿರುಗಿಸಿ ನೋಡಿ, "ತಡಿ, ಟೆಸ್ಟ್ ಮಾಡ್ಬೇಕು" ಎಂದು ಹಿಂದಿನ ಪಡದೆಯೊಳಗೆ ಒಯ್ಯುತ್ತಾನೆ. ಟೆಸ್ಟ್ ಮಾಡುವವಳು ಪಡದೆಯ ಹಿಂದಿರುವ ತಸ್ಲೀಮಾ. ಹೊರಗೆ ಬಂದು ತೀರ್ಪು ಹೇಳುವವನು ತಿಮ್ಮಣ್ಣ.

"ಒಮ್ಮೆ ಅಣ್ಣಾರು ಊಟಕ್ಕ ಹೋದಾಗ ನಾನ ಕೌಂಟರಿನ್ಯಾಗ ಕುಂತಿದ್ನಿ" ಎಂದು ತಸ್ಲೀಮಾ ನೆನೆಯುತ್ತಾಳೆ. "ಒಬ್ಬಾಂವ ಬಂದ. ನನ್ನ ಮಾರಿ ನೋಡಿ, 'ಅಂಗಡ್ಯಾಗ ಯಾರೂ ಇಲ್ಲೇನು?' ಅಂದ. 'ಇಲ್ರಿ, ಯಾರೂ ಇಲ್ಲ' ಅಂದ್ನಿ. ಹೋದ." ಹೇಳುವಾಗ ಅವಳು ನಗುತ್ತಾಳೆ. ತಿಮ್ಮಣ್ಣ ನಗುವುದಿಲ್ಲ. "ನಾ ಏನ್ ಮಾಡ್ಲಿ? ಮಂದಿಗೆ ಮೀಸಿ ಇದ್ದಾಂವನ ಮಾತ ನಂಬಿಗಿ" ಎಂದು ಮೀಸೆ ಮುಟ್ಟಿಕೊಳ್ಳುತ್ತಾನೆ.

ತಸ್ಲೀಮಾಳ ತಂದೆ ಇಲ್ಲಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿದ್ದ. ಕೆಮ್ಮಿ ಕೆಮ್ಮಿ ತೀರಿಹೋದ. ತಾಯಿ ಜೈನಬಿ ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ. ಬಾಗಲಕೋಟೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಲು ಸೇರಿದ್ದ ಮಗಳು ತಂದೆ ಹೋದ ವರ್ಷ ಅರ್ಧಕ್ಕೆ ಬಿಟ್ಟು ಬಂದಳು. ಈಗ ಆಗಾಗ ಅವಳಿಗೂ ಕೆಮ್ಮು ಬರುತ್ತದೆ. ಆಗೆಲ್ಲ ಜೈನಬಿ ಸುತ್ತುವ ಚಕ್ರ ನಿಲ್ಲಿಸಿ ಮಗಳ ಕಡೆ ನೋಡುತ್ತಾಳೆ. ಮತ್ತೆ ಚಕ್ರ ತಿರುಗಿಸುತ್ತಾಳೆ.

"ಮಾಸ್ಕ್ ಹಾಕ್ಕೋ ಅಂತಾರ್ರಿ. ಹಾಕ್ಕೊಂಡ್ರ ಸುಟ್ಟ ವಾಸನಿ ಗೊತ್ತಾಗೂದಿಲ್ಲ. ಮೂಗಿಲ್ದ ಈ ಕೆಲಸ ಹೆಂಗ ಮಾಡೂದು?"

ಅವಳು ಒಂದೊಂದು ಲ್ಯಾಪ್‌ಟಾಪನ್ನೂ ಎರಡು ಸಲ ಓಡಿಸುತ್ತಾಳೆ. ಮುಂಜಾನೆಯ ತಂಪಿನಲ್ಲೊಮ್ಮೆ, ತಗಡಿನ ಛಾವಣಿ ಕಾದು ಕೆಂಡವಾದ ಮಧ್ಯಾಹ್ನದಲ್ಲೊಮ್ಮೆ. "ಮುಂಜಾನಿ ಎಲ್ಲಾ ಮಿಶೀನೂ ಶಾಣ್ಯಾ ಇರ್ತಾವ್ರಿ. ಅವುಗಳ ಬಣ್ಣ ನೋಡ್ಬೇಕಂದ್ರ ಮಧ್ಯಾಹ್ನ ನೋಡ್ಬೇಕು. ಈ ನಡೂ ರೇಟಿನವು ಓಟದ ಎತ್ತಿದ್ದಂಗ. ಕಾಲಾಗ ಕಸುವು ಐತಿ, ಆದ್ರ ಮೂಗು ಸಣ್ಣದು ಮಾಡಿರ್ತಾರ. ಓಡ್ತಾವು, ಉಸುರು ಹತ್ತತೈತಿ. ಬ್ಯಾಟರಿ ಕೇಳ್ಬ್ಯಾಡ್ರಿ. ಕರೆಂಟ್ ಹೋತಂದ್ರ ಆಟಾನೂ ಹೋತು."

ಬೆನ್ನು ಬಿಚ್ಚಿ ಫ್ಯಾನ್ ನೋಡಿದರೆ ಅದು ಎಂಥ ಮನೆಯಿಂದ ಬಂದದ್ದೆಂದು ತಿಳಿಯುತ್ತದಂತೆ. ಕಲ್ಲಿನ ಕಾರ್ಖಾನೆಯ ಆಫೀಸಿನದಾದರೆ ನುಣ್ಣನೆಯ ಕೆಂಪು ದೂಳು, ಹಿಟ್ಟಿನ ಹಾಗೆ ಮೆತ್ತಿರುತ್ತದೆ. ನೇಕಾರರ ಮನೆಯದಾದರೆ ನೂಲಿನ ಜುಂಗು. ಹುನಗುಂದದ ಅಡತಿ ದಲಾಲರ ಅಂಗಡಿಯದೊಂದು ಬಂದಿತ್ತು. ಬಿಚ್ಚಿದ ಕೂಡಲೇ ಮೆಣಸಿನಕಾಯಿ ಘಾಟಿಗೆ ತಿಮ್ಮಣ್ಣ ಸೀನುತ್ತ ಹೊರಗೆ ಓಡಿದ್ದ.

ಟೆಸ್ಟಿಗೆ ಅವಳು ಒಂದೇ ಆಟ ಹಾಕುತ್ತಾಳೆ. ಆಟದ ಶುರುವಿನಲ್ಲಿ ಕಂಬಳಿ ಹೊದ್ದ ಒಬ್ಬ ಮನುಷ್ಯ ಗುಡ್ಡ ಇಳಿದು, ಹುಲ್ಲುಗಾವಲು ದಾಟಿ, ಹೊಳೆಯ ದಂಡೆಗೆ ಬರುತ್ತಾನೆ. ಅಲ್ಲಿಂದ ಅವನನ್ನು ಹಿಂದಕ್ಕೆ ತಿರುಗಿಸುತ್ತಾಳೆ. ಮತ್ತೆ ಗುಡ್ಡ, ಮತ್ತೆ ದಂಡೆ. ಎಲ್ಲ ಲ್ಯಾಪ್‌ಟಾಪಿಗೂ ಒಂದೇ ದಾರಿ ಇದ್ದರೇ ಯಾವುದು ಎಷ್ಟು ಕಾಯುತ್ತದೆ ಎಂದು ಹೋಲಿಸಲು ಬರುವುದು. ಇಷ್ಟು ವರ್ಷ ಆಡಿಸಿದರೂ ಹೊಳೆಯಾಚೆ ಏನಿದೆಯೆಂದು ಅವಳು ನೋಡಿಲ್ಲ.

ಟವೆಲ್ ಮುಚ್ಚಿದ ಲ್ಯಾಪ್‌ಟಾಪು ನಿನ್ನೆ ಬಂದದ್ದು.

ತಂದವಳು ಹುನಗುಂದದ ದಾನೇಶ್ವರಿ. ಜೊತೆಯಲ್ಲಿ ಮೈದುನ ವಿಜಯಮಹಾಂತೇಶ. ಗಂಡ ನಾಗಲಿಂಗ ಮದುವೆಗಳ ವಿಡಿಯೊ ತೆಗೆಯುತ್ತಿದ್ದವನು. ವಿಡಿಯೊ ಜೋಡಿಸಲು ಇಂಥ ಲ್ಯಾಪ್‌ಟಾಪೇ ಬೇಕೆಂದು ಕೊಂಡಿದ್ದ. ಕೆಲಸ ಮುಗಿದ ಮೇಲೆ ಅದರಲ್ಲೇ ಗೇಮ್ ಆಡುತ್ತಿದ್ದ. ಹೋದ ಮಳೆಗಾಲ ಜ್ವರ ಬಂದು ತೀರಿಕೊಂಡ. ಇದನ್ನು ಮಾರಿ ದಾನೇಶ್ವರಿಯ ಬಿ.ಎಡ್ ಫೀ ಕಟ್ಟುವುದೆಂದು ಮನೆಯಲ್ಲಿ ಮಾತಾಗಿದೆ.

ತಿಮ್ಮಣ್ಣ ಕೈ ಚಾಚಿದರೆ ಅವಳು ಕೊಡಲಿಲ್ಲ. "ಮಾರೂಕಿಂತ ಮೊದಲ ಅದರಾಗಿಂದು ಒಂದು ತೆಗೀಬೇಕ್ರಿ. ನಾನೂ ಕೂಡ ಬರ್ತೇನಿ" ಎಂದಳು. ಹೆಣ್ಣುಮಗಳೆಂದು ತಿಮ್ಮಣ್ಣ ಪಡದೆ ಸರಿಸಿದ. ವಿಜಯಮಹಾಂತೇಶ ಹೊರಗೆ ಉಳಿದ.

ಅವಳಿಗೆ ಬೇಕಾದದ್ದು ಗಂಡನ ದನಿ. ಮಂದಿಯ ಮದುವೆಗಳನ್ನೆಲ್ಲ ತೆಗೆದವನು ತಾನು ಯಾವ ವಿಡಿಯೊದಲ್ಲೂ ಇಲ್ಲ. ಗೆಳೆಯರ ಜೊತೆ ಆಡುವಾಗ ಮಾತ್ರ ಕೂಗಾಡುತ್ತಿದ್ದ. ಅದು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಆಗುತ್ತಿತ್ತು.

ತಸ್ಲೀಮಾ ಗುಂಡಿ ಒತ್ತಿದಳು. ತೆರೆ ಬೆಳಗಿ, ಯಾವ ಭಾಷೆ ಬೇಕೆಂದು ಕೇಳಿತು. ಆಗ ತಾನೇ ಅಂಗಡಿಯಿಂದ ತಂದ ಹೊಸದು ಕೇಳುವ ಹಾಗೆ.

"ಅಕ್ಕಾರ, ಇದನ್ನ ಯಾರರ ಮುಟ್ಟ್ಯಾರೇನು?"

ದಾನೇಶ್ವರಿ ಪಡದೆಯ ಕಡೆ ತಿರುಗಿ ಕೂಗಿದಳು. ವಿಜಯಮಹಾಂತೇಶ ಇಣುಕಿದ. "ನಾನ ವೈನಿ. ಮೊನ್ನಿ ಮೊಬೈಲ್ ಅಂಗಡ್ಯಾಗ ಎಲ್ಲಾ ಕ್ಲೀನ್ ಮಾಡಿಸೀನಿ. ಅಣ್ಣನ ಅರಿವಿ ಎಲ್ಲಾ ಒಗದ ಕೊಟ್ವಿ ಅಲ್ಲ, ಹಂಗ ಇದನ್ನೂ... ಅವನ್ದೇನೂ ಒಳಗ ಉಳೀಬಾರದಂತ." ಮಾತು ಮುಗಿಯುವ ಮೊದಲೇ ಅವನಿಗೂ ತಿಳಿಯಿತು. ಇಬ್ಬರ ಮುಖವನ್ನೂ ನೋಡಿದ. "ತಪ್ಪಾತೇನ್ರಿ?" ಎಂದ.

ತಸ್ಲೀಮಾ ಡ್ರಾ ಎಳೆದು ಹುಡುಕತೊಡಗಿದಳು.

ಅಳಿಸಿದ್ದನ್ನು ಮರಳಿ ಹುಡುಕುವ ಸಾಫ್ಟ್‌ವೇರನ್ನು ತಸ್ಲೀಮಾ ಪೆನ್‌ಡ್ರೈವಿನಿಂದ ಓಡಿಸಿದಳು. ಹಳೆಯ ಕಾಲದ ಡಿಸ್ಕಾಗಿದ್ದರೆ ಏನಾದರೂ ಸಿಗುತ್ತಿತ್ತು. ಈಗಿನವು ಅಳಿಸಿದರೆ ಬೇರುಸಹಿತ ಅಳಿಸುತ್ತವೆ. ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ನಡು ಹಗಲಿನವರೆಗೆ ಓಡಲು ಬಿಟ್ಟಳು. ದಾನೇಶ್ವರಿ ತೆರೆಯ ಮೇಲೆ ಸರಿಯುವ ಪಟ್ಟಿಯನ್ನೇ ನೋಡುತ್ತ ಸ್ಟೂಲಿನ ಮೇಲೆ ಕುಳಿತಿದ್ದಳು. ತಿಮ್ಮಣ್ಣ ತರಿಸಿಕೊಟ್ಟ ಚಹಾ ಕೆನೆಗಟ್ಟಿತು.

"ಬರೂದಿಲ್ಲ ಅಕ್ಕಾರ."

"ಒಂದೂ?"

"ಒಂದೂ ಇಲ್ಲ."

ದಾನೇಶ್ವರಿ ತಲೆಯಾಡಿಸಿದಳು. ಅಳಲಿಲ್ಲ. ಆರಿದ ಚಹಾ ಪಕ್ಕಕ್ಕೆ ಸರಿಸಿ, "ಹಂಗಾರ ಇದರ ಕಿಮ್ಮತ್ತರ ನೋಡು ತಂಗಿ" ಎಂದಳು.

ಛಾವಣಿ ಕಾದಿತ್ತು. ತಸ್ಲೀಮಾ ತನ್ನ ಡಿಸ್ಕಿನಿಂದ ಟೆಸ್ಟಿನ ಆಟ ಹಾಕಿದಳು. ಕಂಬಳಿಯ ಮನುಷ್ಯ ಗುಡ್ಡ ಇಳಿದ. ಫ್ಯಾನು ಕಿರುಗುಟ್ಟಿ ಏದುಸಿರು ಬಿಡತೊಡಗಿತು. ದಾನೇಶ್ವರಿ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ಇದ ಆಟ. ಇದ ಆಡ್ತಿದ್ರು."

ಮನುಷ್ಯ ಹೊಳೆಯ ದಂಡೆಗೆ ಬಂದ. ತಸ್ಲೀಮಾ ತಿರುಗಿಸಿದಳು.

"ಯಾಕ ತಿರುಗಿಸ್ತೀ? ದಾಟಿಸು."

"ದಾಟಿಸಿದ್ರ ಟೆಸ್ಟ್ ಕೆಡತೈತಿ ಅಕ್ಕಾರ. ನಾ ಯಾವತ್ತೂ ದಾಟಿಸಿಲ್ಲ. ಆಚೆ ಏನೈತೋ ಏನೋ."

"ಊರೈತಂತ" ಎಂದಳು ದಾನೇಶ್ವರಿ. "ಮನಿ ಮನಿಗೂ ದೀಪ ಹಚ್ಚಿರ್ತಾರಂತ. 'ದಾನವ್ವ, ಏಳು, ಬಾ ನೋಡು, ಎಷ್ಟ ಚೆಂದ ಐತಿ' ಅಂತಿದ್ರು. ನನಗ ನಿದ್ದಿ. 'ನಾಳಿ ನೋಡ್ತೇನ್ರಿ' ಅಂತಿದ್ನಿ."

ತಸ್ಲೀಮಾ ಮನುಷ್ಯನನ್ನು ಮತ್ತೆ ಗುಡ್ಡ ಹತ್ತಿಸಿದಳು.

ಟೆಸ್ಟ್ ಮುಗಿದ ಮೇಲೆ ತೀರ್ಪು ಹೇಳಿದವಳು ಅವಳೇ. ತಿಮ್ಮಣ್ಣ ಪಡದೆಯ ಬಳಿ ನಿಂತು ಕೇಳಿಸಿಕೊಂಡ. ಆಟ ಎಲ್ಲೂ ತಡವರಿಸುವುದಿಲ್ಲ. ತೆರೆಗೆ ಬಣ್ಣ ಕಡಿಮೆ, ಈ ರೇಟಿನದಕ್ಕೆ ಅಷ್ಟೇ. ಮುಚ್ಚಳದ ಒಂದು ತಿರುಗಣಿ ಸಡಿಲ. ಬ್ಯಾಟರಿ ಹೆಸರಿಗೆ ಮಾತ್ರ. ಕಾವು ಭಾಳ. ಆದರೆ ಅದು ಲ್ಯಾಪ್‌ಟಾಪಿನ ತಪ್ಪಲ್ಲ, ಉಸಿರಾಡುವ ಕಿಂಡಿ ಕಟ್ಟಿದೆ.

"ಇದನ್ನ ಎಲ್ಲಿಟ್ಟು ನಡಸ್ತಿದ್ರು? ಟೇಬಲ್ ಮ್ಯಾಲೆ ಅಲ್ಲ ಅಲ್ಲಾ?"

"ಹಾಸಿಗ್ಯಾಗ. ಕೌದಿ ಮ್ಯಾಲೆ. ನಮ್ಮತ್ತಿ ಹಳೇ ಸೀರಿ ಕೂಡಿಸಿ ಹೊಲಿದ ಕೌದಿ. ಎಷ್ಟ ಹೇಳಿದ್ರೂ ಕೇಳ್ತಿದ್ದಿಲ್ಲ."

ತಸ್ಲೀಮಾ ತಿರುಪು ಬಿಚ್ಚಿ ಬೆನ್ನು ತೆಗೆದಳು. ಫ್ಯಾನಿನ ಬಾಯಿಗೆ ಬೂದು ಬಣ್ಣದ ಒಂದು ಪದರು ಕಂಬಳಿಯ ತುಂಡಿನಂತೆ ಕಟ್ಟಿತ್ತು. ಅದರಲ್ಲಿ ಕೌದಿಯ ಕೆಂಪು, ಹಸಿರು ಎಳೆಗಳು. ಎಳೆಗಳ ನಡುವೆ ಗಿಡ್ಡ ಗಿಡ್ಡ ಕಪ್ಪು ಕೂದಲು, ಬಹಳ. ತಸ್ಲೀಮಾ ದಿನವೂ ನೋಡುವ ಕಸವೇ. ಇದಕ್ಕೆ ಬೇಕಾದದ್ದು ಮುಂಜಾನೆಯ ಬ್ಲೋವರು ಅಷ್ಟೇ ಎಂದು ಹೇಳಲು ಬಾಯಿ ತೆರೆದಳು. ದಾನೇಶ್ವರಿಯ ಮುಖ ನೋಡಿ ನಿಲ್ಲಿಸಿದಳು.

"ಆಡೂಮುಂದ ಗಡ್ಡ ತಿಕ್ಕೋತಿದ್ರು" ಎಂದಳು ದಾನೇಶ್ವರಿ. "ಸುಮ್ನ ತಿಕ್ಕೋತ ಕೂಡೋದು. ನಾ ಬೈತಿದ್ನಿ."

ಅವಳು ಬೆರಳು ಚಾಚಿದಳು. ಮುಟ್ಟಲಿಲ್ಲ. "ಅರಿವಿ ಒಗದ್ರು. ಹಾಸಿಗಿ ಒಗದ್ರು. ಕೌದಿನೂ ಒಗದ್ರು. ಇದೊಂದು ಯಾರಿಗೂ ಗೊತ್ತಿದ್ದಿಲ್ಲ. ನಾಳಿ ಬರ್ತೇನಿ ತಂಗಿ. ಅಲ್ಲೀತನಾ ಇದನ್ನ ಊದಬ್ಯಾಡ."

ಹೊರಗೆ ವಿಜಯಮಹಾಂತೇಶ ಚಪ್ಪಲಿಯ ತುದಿ ನೋಡುತ್ತ ನಿಂತಿದ್ದ. "ಬಸ್ಸಿಗೆ ಹೊತ್ತಾತು, ನಡಿ" ಎಂದು ದಾನೇಶ್ವರಿಯೇ ಅವನ ತೋಳು ಹಿಡಿದು ಕರೆದುಕೊಂಡು ಹೋದಳು.

ಈ ಮುಂಜಾನೆ ಚಹಾದಂಗಡಿಯ ಒಲೆ ಹತ್ತುವ ಹೊತ್ತಿಗೆ ದಾನೇಶ್ವರಿ ಒಬ್ಬಳೇ ಬಂದಿದ್ದಾಳೆ. ಮೊದಲ ಬಸ್ಸಿಗೆ ಹೊರಟಿರಬೇಕು. ಕೈಚೀಲದಿಂದ ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿ ತೆಗೆಯುತ್ತಾಳೆ. ನಾಗಲಿಂಗ ಕ್ಯಾಮೆರಾದ ಮೆಮೊರಿ ಕಾರ್ಡ್ ಇಡುತ್ತಿದ್ದ ಡಬ್ಬಿ. ಈಗ ಖಾಲಿ.

ತಸ್ಲೀಮಾ ಟವೆಲ್ ಸರಿಸುತ್ತಾಳೆ. ಓಢಣಿ ಕೆಳಗಿಳಿಸಿದ್ದಾಳೆ, ಆದರೆ ಉಸಿರು ಹಿಡಿದಿದ್ದಾಳೆ. ಚಿಮುಟದಿಂದ ಆ ಪದರಿನ ಒಂದು ಅಂಚು ಎತ್ತಿ, ಹರಿಯದಂತೆ ನಿಧಾನಕ್ಕೆ ಸುಲಿಯುತ್ತಾಳೆ. ಪೂರ್ತಿ ಬರುತ್ತದೆ. ಡಬ್ಬಿಯಲ್ಲಿ ಇಡುತ್ತಾಳೆ. ದಾನೇಶ್ವರಿ ಮುಚ್ಚಳ ಹಾಕುತ್ತಾಳೆ. ಒತ್ತಿ ನೋಡುತ್ತಾಳೆ, ಗಟ್ಟಿ ಕೂತಿದೆಯೇ ಎಂದು.

"ಉಳಿದದ್ದು ಊದು" ಎನ್ನುತ್ತಾಳೆ. "ಮಾರಾಕ ಅಡ್ಡಿಯಿಲ್ಲ."

ಬ್ಲೋವರು ಶಬ್ದ ಮಾಡುತ್ತದೆ. ಉಳಿದದ್ದು ಬರೀ ದೂಳು, ಗಟಾರದ ಕಡೆ ಹೋಗುತ್ತದೆ. ಬಾಗಿಲು ತೆಗೆಯಲು ಬಂದ ಜಯಶ್ರೀ, "ಇವತ್ತ ಯಾರ ಮನಿ ಕಸ..." ಎಂದು ಶುರು ಮಾಡಿ, ಕಟ್ಟೆಯ ಬಳಿ ನಿಂತ ದಾನೇಶ್ವರಿಯನ್ನು ನೋಡಿ ಬೀಗದ ಕಡೆ ತಿರುಗುತ್ತಾಳೆ. ತಿಮ್ಮಣ್ಣ ಬಂದು ಹೇಳಿದ ಬೆಲೆಗೆ ದಾನೇಶ್ವರಿ ಎದುರಾಡುವುದಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆ ಹೋಗುತ್ತಾಳೆ.

ಪಡದೆಯ ಹಿಂದೆ ತಸ್ಲೀಮಾ ಅದೇ ಲ್ಯಾಪ್‌ಟಾಪನ್ನು ಮತ್ತೊಮ್ಮೆ ಓಡಿಸುತ್ತಾಳೆ. ಕಾವು ಇಳಿದಿದೆ. ಫ್ಯಾನಿನ ಸದ್ದು ಕಿವಿಯಿಟ್ಟರೆ ಮಾತ್ರ ಕೇಳುತ್ತದೆ. ಕಂಬಳಿಯ ಮನುಷ್ಯ ದಂಡೆಗೆ ಬಂದು ನಿಲ್ಲುತ್ತಾನೆ. ಮಾಮೂಲಿಗಿಂತ ಕೊಂಚ ಹೆಚ್ಚು ಹೊತ್ತು ಅವನನ್ನು ಅಲ್ಲೇ ನಿಲ್ಲಿಸಿ, ತಿರುಗಿಸುತ್ತಾಳೆ.

ನಿನಗೇನಾದರೂ ಆಸೆ ಇದೆಯೇ ಎಂದು ತಸ್ಲೀಮಾಳನ್ನು ಕೇಳಿದರೆ ಮೊದಲು ಕೆಮ್ಮು ಬರುತ್ತದೆ. ನಿಂತ ಮೇಲೆ ಹೇಳುತ್ತಾಳೆ:

"ಇಲ್ಲಿ ಎಲ್ಲಾ ಮಂದೀವು ಮಿಶೀನು. ನಂದಂತ ಒಂದು ಆದ್ರ, ಎಂಥಾ ಹಳೇದಿದ್ರೂ ನಡೀತೈತಿ, ಟೆಸ್ಟ್ ಮಾಡೂದಿಲ್ಲ ಅದನ್ನ. ಸುಮ್ನ ಹೊಳಿ ದಾಟೂದು. ದೀಪ ಹಚ್ಚಿರ್ತಾರಂತಲ್ರಿ. ನೋಡಿ, ಹುನಗುಂದಕ್ಕೊಂದು ಫೋನ್ ಮಾಡ್ತೇನಿ, ಖರೇನ ಐತಿ ಅಂತ."