ಕಸ್ತೂರಿಗೆ ಬೆಲ್ಲ-ನೀರು

ನಾನು ಚಿಕ್ಕವಳಿದ್ದಾಗ ಮೈಸೂರಿನಿಂದ ಅರಸೀಕೆರೆಗೆ ದಿನವೂ ರೈಲು ಬರುತ್ತಿತ್ತು. ಅದರಲ್ಲಿ ಕುದುರೆ ಬಂದದ್ದು ಮಾತ್ರ ಒಂದೇ ಸಲ. ಅದೂ ಅಂತಿಂಥ ಕುದುರೆಯಲ್ಲ, ಮಹಾರಾಜರ ಕಸ್ತೂರಿ. ಮೈಸೂರು, ಬೆಂಗಳೂರಿನ ರೇಸುಗಳಲ್ಲಿ ಒಮ್ಮೆಯೂ ಸೋಲದವಳು, ಪುಣೆಯ ದೊಡ್ಡ ಕಪ್ಪಿಗೆ ಹೊರಟಿದ್ದಳು. ನಿಲ್ದಾಣದಲ್ಲಿ ಗುಮಾಸ್ತರಾಗಿದ್ದ ಅಪ್ಪ ಅಂದು ಕೋಟು ತೊಟ್ಟು ಜರಿಪೇಟ ಸುತ್ತಿದರು. ಮದುವೆಯ ನಂತರ ಆ ಪೇಟ ಪೆಟ್ಟಿಗೆಯಿಂದ ಹೊರಬಂದದ್ದು ಅದೇ ಮೊದಲು. ಅವರ ಹಿಂದೆಯೇ ಅಕ್ಕ, ನಾನು ಇಬ್ಬರೂ ನಿಲ್ದಾಣಕ್ಕೆ ಓಡಿದೆವು.

ಪುಣೆಯ ಗಾಡಿ ಬರುವವರೆಗೆ ಕಸ್ತೂರಿಯನ್ನು ಬೇವಿನ ಮರದ ನೆರಳಿಗೆ ಇಳಿಸಿದರು. ಎಣ್ಣೆ ಹಚ್ಚಿದಂತೆ ಹೊಳೆಯುವ ಕಡುಕಂದು ಮೈ. ಹುಲ್ಲು, ಬೆವರು, ಕಲ್ಲಿದ್ದಲ ಹೊಗೆ ಎಲ್ಲ ಬೆರೆತ ವಾಸನೆ. ಅವಳನ್ನು ನೋಡಿಕೊಳ್ಳುವ ಮುದುಕ ಮಾತ್ರ ಅಳುವ ಹಾಗಿದ್ದ.

"ಬೆಳಗಿಂದ ಒಂದು ತೊಟ್ಟು ನೀರು ಮುಟ್ಟಿಲ್ಲ ಸ್ವಾಮಿ. ಮೈಸೂರಿಂದ ತಂದ ನೀರು ರಾತ್ರೀನೇ ಮುಗೀತು. ಈ ಊರಿಂದು ಮೂಸಿ ಮುಖ ತಿರುಗಿಸ್ತಾಳೆ. ಹಿಂಗೇ ಆದ್ರೆ ಪುಣೆಯೂ ಇಲ್ಲ, ಕಪ್ಪೂ ಇಲ್ಲ, ವಾಪಸ್ ಲಾಯಕ್ಕೇ."

ಅಪ್ಪ ಬಕೆಟಿನ ಪಕ್ಕ ಕೈಮುಗಿದು ನಿಂತು, "ದಯಮಾಡಿಸಬೇಕು" ಎಂದರು. ಕಸ್ತೂರಿ ಕಿವಿಯಾಡಿಸಿದಳು, ಅಷ್ಟೆ. ನಮ್ಮೂರ ನೀರು ಗಡಸು ಎಂಬುದು ನಮಗೂ ಗೊತ್ತಿತ್ತು, ಹೊರಗಿನವರು ಹೇಳಬಾರದಿತ್ತು.

ಅಕ್ಕನಿಗೆ ರೇಗಿಹೋಯಿತು. "ಅಲ್ಲಪ್ಪಾ, ಬಂದೋರಿಗೆ ಬರೀ ನೀರು ಕೊಡ್ತಾರಾ? ಬೆಲ್ಲ ಎಲ್ಲೈತೆ?"

ಯಾರೇ ಬರಲಿ, ಮೊದಲು ಬೆಲ್ಲದ ಚೂರು, ಆಮೇಲೆ ನೀರು. ಅದಾಗದೆ ನಮ್ಮಲ್ಲಿ ಕ್ಷೇಮಸಮಾಚಾರವನ್ನೂ ಕೇಳುತ್ತಿರಲಿಲ್ಲ.

"ನಿನ್ನ ಲಂಗದ ಗಂಟಲ್ಲಿ ಏನೈತೆ? ತೆಗಿಯೇ, ಕಳ್ಳೀ!" ಎಂದು ಅಕ್ಕ ನನ್ನತ್ತ ತಿರುಗಿದಳು. ಅಡುಗೆಮನೆಯಿಂದ ಕದ್ದಿದ್ದ ಅಚ್ಚುಬೆಲ್ಲ ಇಡೀ ನಿಲ್ದಾಣದ ಎದುರು ಹೊರಬಂತು.

ಮುದುಕ ಅನುಮಾನಿಸುತ್ತಲೇ ಒಪ್ಪಿದ. ಅರ್ಧ ಬೆಲ್ಲವನ್ನು ಅಕ್ಕ ನೀರಿಗೆ ಹಾಕಿ ಕರಗಿಸಿದಳು. ಉಳಿದರ್ಧವನ್ನು ನಾನು ಅಂಗೈಯಲ್ಲಿಟ್ಟು ಚಾಚಿದೆ. ಬಿಸಿಯುಸಿರು ಬಂತು, ಹಿಂದೆಯೇ ಮೆತ್ತನೆಯ ತುಟಿ. ಬೆಲ್ಲ ಹೋಯಿತು. ಆಮೇಲೆ ಬಕೆಟಿಗೆ ಬಾಯಿಟ್ಟ ಕಸ್ತೂರಿ ತಳ ಕಾಣುವವರೆಗೂ ತಲೆಯೆತ್ತಲಿಲ್ಲ. ಅಪ್ಪ ಪೇಟ ಸರಿಮಾಡಿಕೊಂಡರು. ಬೆಲ್ಲ ಕದ್ದದ್ದಕ್ಕೆ ಅಂದು ನನಗೆ ಏಟು ಬೀಳಲಿಲ್ಲ.

ಪುಣೆಯ ರೇಸಿನ ಕಪ್ಪು ಕಸ್ತೂರಿಗೇ ಬಂತು. ಮುಂದೆ ಎಷ್ಟೋ ಗೆದ್ದಳು, ಒಮ್ಮೆ ಸೋತಳು. "ಅವತ್ತು ಬೆಲ್ಲ ಕೊಟ್ಟಿರಾಕಿಲ್ಲ ಬಿಡು" ಎಂದು ಅಕ್ಕ ತೀರ್ಪು ಕೊಟ್ಟಳು. ಮುಪ್ಪಿನಲ್ಲಿ ಕಸ್ತೂರಿ ಅರಮನೆಯ ಲಾಯದಲ್ಲೇ ಸುಖವಾಗಿದ್ದಳಂತೆ.

ಈಗ ಅರಸೀಕೆರೆಯ ಹಳಿಗಳು ಅಗಲವಾಗಿವೆ, ಹೊಗೆಯ ಇಂಜಿನ್ನೂ ಇಲ್ಲ. ಮನೆಗೆ ಬಂದವರಿಗೆ ನೀವು ಫ್ರಿಜ್ಜಿನಿಂದ ಬಣ್ಣದ ನೀರಿನ ಬಾಟಲಿ ತೆಗೆದುಕೊಡುತ್ತೀರಿ. ಟೀವಿಯಲ್ಲಿ ರೇಸು ಬಂದರೆ, "ಅಜ್ಜೀ, ಯಾವ ಕುದುರೆ ಗೆಲ್ಲುತ್ತೆ?" ಎಂದು ಕೂಗುತ್ತೀರಿ. ನನಗೇನು ಗೊತ್ತು ಮಕ್ಕಳೇ? ಹೊರಡುವ ಮೊದಲು ಅವಕ್ಕೆ ಯಾರಾದರೂ ಬೆಲ್ಲ ಕೊಟ್ಟರೋ ಇಲ್ಲವೋ, ಅದನ್ನು ಟೀವಿಯವರು ತೋರಿಸುವುದೇ ಇಲ್ಲ.